ಹಲಗಿ ನಿಂತಾಗ ಬಿಟ್ಟ ಕೈ

ಮೊನ್ನೆ ನರೇಗಲ್ಲಿನಲ್ಲಿ ಕುಸ್ತಿಯಲ್ಲಿ ತೀರ್ಪು ಕೊಡುವ ಪಂಚರಾಗಲು ತಯಾರಾಗುತ್ತಿರುವ ಹುಡುಗರಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದರು. ಮಾತು ಮುಗಿದ ಮೇಲೆ ಒಬ್ಬ ಎದ್ದು ಕೇಳಿದ: “ಸರ, ನಿಮ್ಮ ಕಾಲದಾಗ ಕುಸ್ತಿ ಎಲ್ಲಾ ಖರೇ ಇದ್ದುವಂತ. ಈಗಿನಂಗ ಮೋಸ ಇರಲಿಲ್ಲಂತ. ಹೌದೇನ್ರಿ?”

ನಾನು ತಲೆ ಎತ್ತಿ ಅವನತ್ತ ನೋಡಿದೆ. ಅವನ ತಲೆಯ ಮೇಲೆ, ಗೋಡೆಗೆ, ಹಾರ ಹಾಕಿದ ಹಿರಿಯ ಪೈಲ್ವಾನರ ಪಟಗಳಿದ್ದವು. ಅವುಗಳ ನಡುವೆ ಗೂಳಿ ಕಲ್ಲಪ್ಪನ ಪಟವೂ ಇತ್ತು. ಬೋಳಿಸಿದ ತಲೆ, ಹುರಿ ಮಾಡಿದ ಮೀಸೆ. ಕೆಳಗೆ ‘ಕುಸ್ತಿಯ ಮಹಾಪೋಷಕ’ ಎಂದು ಬಣ್ಣದಲ್ಲಿ ಬರೆಸಿದ್ದರು. ಅದನ್ನು ಓದುತ್ತಿದ್ದಂತೆ ಕುತ್ತಿಗೆಯ ಸುತ್ತ ಒಂದು ದಾರ ಬಿಗಿದಂತಾಯಿತು. ಆ ದಾರದ ಕಥೆ ಮುಂದೆ ಬರುತ್ತದೆ. ಅವತ್ತು ನೀರು ಕುಡಿದು ಕೂತುಬಿಟ್ಟೆ. ಅವನಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಾಲೆಯಲ್ಲಿ ಹುಡುಗರಿಗೆ ಕವಾಯತು ಕಲಿಸಿದವನು, ರಜೆಯ ದಿನಗಳಲ್ಲಿ ಊರೂರು ತಿರುಗಿ ಕುಸ್ತಿ ಕಣದಲ್ಲಿ ಪಂಚನಾಗಿ ನಿಂತವನು. ಯಾವಾಗ ಹಿರಿಯ ಪಂಚನಾದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ನಿಮಗೆ ಬೇಕಾದದ್ದು ನಾನು ಈ ಕೆಲಸಕ್ಕೆ ಕಾಲಿಟ್ಟ ಮೊದಲ ಹಂಗಾಮು.

ಆಗ ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು ನೌಕರಿಯ ದಾರಿ ಕಾಯುತ್ತಿದ್ದೆ. ಒಂದು ದಿನ ರೋಣದ ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಕೂತಿದ್ದಾಗ ಎದುರಿನ ಬೆಂಚಿನ ಮೇಲೆ ಒಬ್ಬ ದಪ್ಪನೆಯ ಆಳು ಬಂದು ಕೂತ. ಬೆಂಚು ನರಳಿತು. ಅವನು ನನ್ನ ಪ್ಯಾಂಟು ನೋಡಿದ, ಆಮೇಲೆ ಕಿವಿ ನೋಡಿದ.

“ಏನಪಾ, ಕಾಲೇಜ ಕಲ್ತಿಯೇನು?”

“ಹೌದ್ರಿ. ಬಿ.ಎ.”

“ಕುಸ್ತಿ ಹಿಡದಿಯೇನು?”

“ಕಾಲೇಜಿನಾಗ ಹಿಡದೀನ್ರಿ.”

“ಕಿವಿ ನೋಡಿದ್ರ ಗೊತ್ತಾಗತೈತಿ, ಬರೇ ಕಾಲೇಜಿಂದು ಅಂತ,” ಎಂದು ನಕ್ಕ. ಅವನ ಕಿವಿಗಳು ಒಣಗಿದ ಅಣಬೆಯಂತೆ ಮುದುಡಿದ್ದವು. ನಿಜವಾಗಿ ಮಣ್ಣಿನಲ್ಲಿ ಉರುಳಿದವನ ಕಿವಿ ಹಾಗೇ ಆಗುತ್ತದೆ. “ಈ ಬಿಳೀ ಪ್ಯಾಂಟ ಹಾಕ್ಕೊಂಡು ನನ್ನ ಕಣದಾಗ ಪಂಚಾಗಿ ನಿಂದ್ರು. ಮಂದಿ ಇದೇನೋ ಸರಕಾರೀ ಕುಸ್ತಿ ಅಂತ ತಿಳೀಲಿ.”

ಅವನೇ ಗೂಳಿ ಕಲ್ಲಪ್ಪ. ಸ್ವತಃ ಪೈಲ್ವಾನ, ತಿಕೀಟು ಇಟ್ಟು ಕುಸ್ತಿ ಆಡಿಸುವ ಕಂಪನಿಯ ಮಾಲೀಕನೂ ಅವನೇ. ಸುಗ್ಗಿ ಮುಗಿದ ಮೇಲೆ ಬಟ್ಟೆಯ ಕನಾತು, ಗೂಟ, ಕೂಗಿ ಹೇಳಲು ತಗಡಿನ ಭೋಂಗಾ, ಒಂದಿಷ್ಟು ಪೈಲ್ವಾನರನ್ನು ಲಾರಿಗೆ ಹೇರಿಕೊಂಡು ನರಗುಂದ, ರೋಣ, ಗಜೇಂದ್ರಗಡ ಎಂದು ತಿರುಗುತ್ತಿದ್ದ. ನನ್ನನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ. ‘ಬೀಯೆ’ ಎನ್ನುತ್ತಿದ್ದ.

ಅವನ ಕಸುಬು ಏನೆಂದು ನನಗೆ ತಿಳಿದದ್ದು ನರಗುಂದದಲ್ಲಿ. ನಮ್ಮಲ್ಲಿ ಕಣದ ಮಣ್ಣು ದೇವರಿದ್ದ ಹಾಗೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ, ಕಾಯಿ ಒಡೆದ ಮೇಲೇ ಪೈಲ್ವಾನ ಒಳಗೆ ಕಾಲಿಡಬೇಕು, ಅದೂ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡು. ಕಲ್ಲಪ್ಪ ಬೂಟು ಹಾಕಿಕೊಂಡೇ ಬಂದ. ಕರಿಯ ಬೂಟು, ಲಾಳ ಬಡಿದದ್ದು. ಕಣದ ನಡುವೆ ನಿಂತು ಎಲೆಯಡಿಕೆಯ ರಸವನ್ನು ಮಣ್ಣಿಗೆ ಪಿಚಕ್ಕನೆ ಉಗುಳಿದ.

ಜನ ಎದ್ದು ನಿಂತರು. “ಏ ಗೂಳಿ! ಕೆರ ಬಿಟ್ಟು ಬರಬೇಕು ಅಂತ ನಿಮ್ಮವ್ವ ಕಲಿಸಿಲ್ಲೇನಲೇ?” ಎಂದು ಒಬ್ಬ ಚೀರಿದ.

ಕಲ್ಲಪ್ಪ ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡ. “ಕಲಿಸಿದ್ಳಪಾ! ನಿಮ್ಮೂರ ಮಣ್ಣ ನೋಡಿ ಮರತೆ!”

ಒಬ್ಬ ಮುದುಕ ತಡೆಯಲಾರದೆ ತನ್ನ ಒಂದು ಕಾಲಿನ ಚಪ್ಪಲಿ ಬಿಚ್ಚಿ ಅವನತ್ತ ಎಸೆದ. ಕುಸ್ತಿ ಮುಗಿದು ಜನ ಚದುರಿದ ಮೇಲೆ ಅದೇ ಮುದುಕ ಡೇರೆಯ ಬಾಗಿಲಿಗೆ ಬಂದು ನಿಂತಿದ್ದ.

“ಯಪ್ಪಾ ಗೂಳಿ, ಸಿಟ್ಟಿನಾಗ ಒಗದೆ. ಒಂದ ಜೋಡಿನಾಗ ಮನಿಗೆ ಹ್ಯಾಂಗ ಹೋಗ್ಲಿ?”

ಕಲ್ಲಪ್ಪ ಆ ಜೋಡನ್ನು ಹುಡುಕಿ ತಂದು, ಕಣ್ಣಿಗೊತ್ತಿಕೊಂಡು ಕೊಟ್ಟ. “ಅಜ್ಜಾ, ಇನ್ನ ಮುಂದ ಹಳೇವು ಹಾಕ್ಕೊಂಡು ಬರ್ರಿ,” ಎಂದ. ಮುದುಕ ನಗುತ್ತ ಹೋದ. ಡೇರೆಯೊಳಗೆ, ಕಣದಲ್ಲಿ ಕಲ್ಲಪ್ಪನನ್ನು ಎತ್ತಿ ಒಗೆದಿದ್ದ ಕಂಪನಿಯ ಚೆಲುವ ಪೈಲ್ವಾನ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. “ಬೀಯೆ, ತಿಳ್ಕೊ. ಒಳ್ಳೇವನ್ನ ನೋಡಾಕ ಯಾರೂ ತಿಕೀಟ ತಗಸೂದಿಲ್ಲ. ಕೆಟ್ಟಾಂವ ಬೀಳೂದು ನೋಡಾಕ ತಗಸ್ತಾರ,” ಎಂದು ಕಲ್ಲಪ್ಪ ನನಗೆ ಪಾಠ ಹೇಳಿದ.

ಹೌದು, ಆ ಕುಸ್ತಿಗಳಲ್ಲಿ ಬಹಳಷ್ಟು ಮೊದಲೇ ಗೊತ್ತುಪಡಿಸಿದವು. ಅದಕ್ಕಾಗಿ ನಾನು ಅವನನ್ನು ಬೈಯುವುದಿಲ್ಲ. ಬಯಲಾಟದಲ್ಲಿ ರಾಕ್ಷಸ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು; ಆದರೂ ಬೆಳತನಕ ಕೂತು ನೋಡುತ್ತೇವೆ. ಅದರಲ್ಲಿ ಯಾರ ಮೈಯೂ ಮುರಿಯುವುದಿಲ್ಲ. ನನ್ನ ಸಿಟ್ಟು ಬೇರೆ.

ನಮ್ಮ ಕಡೆ ಇನ್ನೊಂದು ರೂಢಿ ಉಂಟು. ತುಂಬಿದ ಕಣದಲ್ಲಿ, ಪಂಚನ ಕೈಯಲ್ಲಿರುವ ಹಿಡಿ ಮಣ್ಣನ್ನು ಯಾರಾದರೂ ಬಂದು ಎತ್ತಿಕೊಂಡರೆ ಅದು ಸವಾಲು. ಮಣ್ಣು ಎತ್ತಿದವನಿಗೆ ಇಲ್ಲ ಎನ್ನುವ ಹಾಗಿಲ್ಲ. ಕಲ್ಲಪ್ಪ ಬೂಟು ಹಾಕಿ ಉಗುಳಿದ್ದನ್ನು ಖರೇ ಎಂದು ನಂಬಿ ಮಣ್ಣೆತ್ತುವವರು ಇದ್ದೇ ಇರುತ್ತಿದ್ದರು. ಆಗ ನಡೆಯುತ್ತಿದ್ದದ್ದು ಆಟವಲ್ಲ. ನಲವತ್ತು ದಾಟಿದ, ಉಸಿರು ಸಾಲದ ಕಲ್ಲಪ್ಪ ಅಂಥ ಕುಸ್ತಿಯನ್ನು ಹೇಗೆ ಮುಗಿಸುತ್ತಿದ್ದ ಎಂಬುದು ನನಗೆ ರೋಣದಲ್ಲಿ ತಿಳಿಯಿತು.

ರೋಣದಲ್ಲೇ ನನ್ನ ಮೊದಲ ಫಜೀತಿಯೂ ಆಯಿತು. ಕಾಲೇಜಿನ ಕವಾಯತಿನಿಂದ ತಂದ ಸೀಟಿಯೊಂದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೆ. ಒಂದು ಜೋಡಿ ಕಣದ ಅಂಚು ದಾಟಿತು. ಸೀಟಿ ಊದಿದೆ. ಇಬ್ಬರೂ ತಲೆ ಎತ್ತಲಿಲ್ಲ. ಮತ್ತೆ ಊದಿದೆ. ಜನರ ಮಧ್ಯದಿಂದ ಯಾವನೋ “ಸಾಲೀ ಮಾಸ್ತರ ಬಂದಾನ್ರಲೇ, ಸಾಲ ಹಚ್ಚಿ ನಿಂದರ್ರಿ!” ಎಂದ. ಕಣವೆಲ್ಲ ಕೇಕೆ ಹಾಕಿತು. ಸೀಟಿಯನ್ನು ಬಾಯಿಂದ ತೆಗೆದೆ.

ಆ ಊರುಗಳ ಪೈಲ್ವಾನನಿಗೆ ಸೀಟಿ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಹಲಗಿ, ಆ ಚರ್ಮವಾದ್ಯದ ಸದ್ದು. ಗರಡಿಯಲ್ಲಿ ಲಂಗೋಟಿ ಕಟ್ಟಿದ ಮೊದಲ ದಿನದಿಂದ ಹಲಗಿ ಬಾರಿಸಿದರೆ ಹಿಡಿಯುತ್ತಾನೆ, ಹಲಗಿ ನಿಂತರೆ ಬಿಡುತ್ತಾನೆ. ತಪ್ಪಿದರೆ ಕುಸ್ತಿ ಕಲಿಸುವ ವಸ್ತಾದನ ಬೆತ್ತ ಬೆನ್ನ ಮೇಲೆ. ಅಬ್ಬರದಲ್ಲಿ ಮಾತು ಕೇಳದೆ ಹೋದರೂ ಕೆಳಗೆ ಮಣ್ಣಿನ ಹತ್ತಿರ ತಲೆಯಿಟ್ಟವನಿಗೆ ಹಲಗಿಯ ಪೆಟ್ಟು ನೆಲದಿಂದ ಮೈಗೆ ಹತ್ತುತ್ತದೆ. ಪಂಚ ಕೈ ಎತ್ತಿದರೆ ಹಲಗಿಯವನು ನಿಲ್ಲಿಸಬೇಕು. ಕುಸ್ತಿ ನಿಲ್ಲುವುದು ಹಾಗೆ. ಅವತ್ತಿನಿಂದ ಸೀಟಿ ಕೊರಳಲ್ಲಿ ಅಲಂಕಾರಕ್ಕೆ ಉಳಿಯಿತು. ನಾನು ಕಂಪನಿಯ ಹಲಗಿ ಬಾರಿಸುವ ಯಮನಪ್ಪನ ಕಣ್ಣಿಗೆ ಬೀಳುವಂತೆ ನಿಲ್ಲುವುದನ್ನು ಕಲಿತೆ.

ಅದೇ ದಿನ ರಾಜೂರಿನ ಒಬ್ಬ ರೈತಾಳು ಮಣ್ಣೆತ್ತಿದ. ಮೈಯಲ್ಲಿ ಎತ್ತಿನ ಶಕ್ತಿ. ಕಲ್ಲಪ್ಪನನ್ನು ಕೆಳಗೆ ಹಾಕಿ ಮೇಲೆ ಕೂತಿದ್ದವನು ಇದ್ದಕ್ಕಿದ್ದಂತೆ “ಯವ್ವಾ” ಎಂದು ಸಡಿಲಾದ, ಮರುಗಳಿಗೆ ಚಿತ್ತಾದ. ಜನರಿಗೆ ಏನೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಆಮೇಲೆ ಡೇರೆಯ ಹಿಂದೆ ಅವನು ಕೈಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಕೂತಿದ್ದ. ನಡುಬೆರಳು ಹಿಂದಕ್ಕೆ ಬಾಗಿ ಊದಿಕೊಂಡಿತ್ತು. ಒಂದೆರಡು ಬೆರಳು ಹಿಡಿದು ತಿರುವುವುದು ಕುಸ್ತಿಯಲ್ಲಿ ನಿಷಿದ್ಧ. ಹಿಡಿದರೆ ಇಡೀ ಪಂಜ ಹಿಡಿಯಬೇಕು. ಅದು ಹಳ್ಳಿಯ ಗರಡಿಯ ಮಕ್ಕಳಿಗೂ ಗೊತ್ತು.

ನಾನು ನೇರವಾಗಿ ಕಲ್ಲಪ್ಪನ ಮುಂದೆ ಹೋಗಿ ನಿಂತೆ. “ಅವನ ಬೆರಳ ಮುರದೀರಿ.”

ಅವನು ಹಾಲು ಕುಡಿಯುತ್ತಿದ್ದ. “ಒಂದು ಮುರದೈತಿ. ಇನ್ನ ಒಂಬತ್ತ ಅದಾವಲ್ಲೋ.”

“ಇನ್ನೊಮ್ಮೆ ಕಂಡ್ರ ಕುಸ್ತಿ ನಿಂದ್ರಸ್ತೀನಿ.”

“ಕಂಡ್ರ ನಿಂದ್ರಸು ಬೀಯೆ,” ಎಂದ. ಮೀಸೆಯ ಮೇಲಿನ ಹಾಲು ಒರೆಸಿಕೊಂಡ. “ಕಂಡ್ರ.”

ಕುಸ್ತಿಗೆ ಜಾಗ ಕೊಟ್ಟ ಊರ ಹಿರಿಯರಿಗೆ ಹೇಳಿದೆ. “ಪೈಲ್ವಾನಕಿ ಅಂದಮ್ಯಾಲ ಪೆಟ್ಟ ಇಲ್ಲದ ಹ್ಯಾಂಗ ಆಗತೈತ್ರೀ ಮಾಸ್ತರ?” ಎಂದು ತೂಗುಮಂಚದ ಮೇಲೆ ಕಾಲಾಡಿಸಿದರು. ರೈತಾಳಿನ ಬೆರಳು ಮುರಿದದ್ದು ಬರೀ ಪೆಟ್ಟಲ್ಲ, ಅದು ಕುಡಗೋಲು ಹಿಡಿಯುವ ಬೆರಳು ಎಂದು ಅವರಿಗೆ ಯಾರು ತಿಳಿಸಬೇಕು? ಈಗ ಬರೆಯುವಾಗಲೂ ಹಲ್ಲು ಕಡಿಯುವಂತಾಗುತ್ತದೆ.

ಅಂದಿನಿಂದ ನಾನು ಬಗ್ಗಿ ನೋಡುವುದನ್ನು ಬಿಟ್ಟು, ಮಲಗಿ ನೋಡಲು ಶುರು ಮಾಡಿದೆ. ಬಿಳಿ ಪ್ಯಾಂಟು ಕೆಂಪಾಯಿತು. ಕೆನ್ನೆಯನ್ನು ಮಣ್ಣಿಗೆ ಹಚ್ಚಿದರೆ ಮಾತ್ರ ಹೊಟ್ಟೆಯ ಕೆಳಗೆ ಕೈಗಳು ಏನು ಮಾಡುತ್ತಿವೆ ಎಂಬುದು ಕಾಣುತ್ತದೆ. ಈಗ ನಿಮಗೆ ಮ್ಯಾಟ್ ಇದೆ, ಅಂಕಗಳಿವೆ, ಮತ್ತೆ ಮತ್ತೆ ತಿರುಗಿಸಿ ನೋಡುವ ಚಿತ್ರವಿದೆ. ಇದ್ದರೂ ಮಲಗಿ ನೋಡುವುದನ್ನು ಬಿಡಬೇಡಿ.

ಹಂಗಾಮಿನ ಕೊನೆಯ ಊರು ಗಜೇಂದ್ರಗಡ. ಗುಡ್ಡದ ಬುಡದ ಬಯಲಿನಲ್ಲಿ ಕನಾತು ಕಟ್ಟಿದರು. ಕಣಕ್ಕೆ ಹೊಸ ಮಣ್ಣು ತರುವ ಬದಲು ಊರಿನ ಗರಡಿಯವರೇ ತಮ್ಮ ಗರಡಿಯ ಮಣ್ಣನ್ನು ಬುಟ್ಟಿಗಳಲ್ಲಿ ಹೊತ್ತು ತಂದು ಸುರಿದರು. ತಲೆಮಾರುಗಳ ಬೆವರು ಕುಡಿದ ಮಣ್ಣು ಅದು. ಊರು ಪೈಲ್ವಾನರಿಗೆ ಮಾಡುವ ದೊಡ್ಡ ಮರ್ಯಾದೆ. ಕಲ್ಲಪ್ಪ ಅದರ ಮೇಲೂ ಬೂಟು ಹಾಕಿಕೊಂಡು ನಡೆದ, ಅದರ ಮೇಲೂ ಉಗುಳಿದ.

ಈ ಸಲ ಯಾರೂ ಬೈಯಲಿಲ್ಲ. ಸಾಲಿನಿಂದ ಒಬ್ಬ ತರುಣ ಸಾವಕಾಶ ಎದ್ದು ಬಂದು, ಜೋಡು ಹೊರಗೆ ಬಿಟ್ಟು, ನನ್ನ ಕೈಯೊಳಗಿನ ಮಣ್ಣನ್ನು ಎತ್ತಿಕೊಂಡು ಹಣೆಗೆ ಹಚ್ಚಿದ. ಹೆಸರು ದೇವಪ್ಪ. ನೇಕಾರ. ಕುಣಿಮಗ್ಗ ತುಳಿದು ಕಾಲು ಕಬ್ಬಿಣವಾಗಿದ್ದವು. ಕೈಗಳು ಮಾತ್ರ ಉದ್ದಕ್ಕೆ, ತೆಳ್ಳಗೆ, ಹೆಂಗಸರ ಕೈಯಂತಿದ್ದವು. ಕುಸ್ತಿ ಮುಂದಿನ ಸಂತೆಯ ದಿನ ಮಧ್ಯಾಹ್ನವೆಂದು ಗೊತ್ತಾಯಿತು.

ಕಲ್ಲಪ್ಪ ನನ್ನನ್ನು ಕರೆದ. “ಅವನ ಮನಿಗೆ ಹೋಗು. ಈ ವರ್ಷ ಬೀಳು, ಬರೂ ವರ್ಷ ಗೆಲ್ಲು ಅಂತ ಹೇಳು. ಒಪ್ಪಿದ್ರ ಎಲ್ಲಾರಿಗೂ ಚಲೋ. ಒಪ್ಪದಿದ್ರ...” ಎಂದು ತನ್ನ ಕಿರುಬೆರಳನ್ನು ಎತ್ತಿ, ಹಿಂದಕ್ಕೆ ಮಡಚಿ ತೋರಿಸಿ ನಕ್ಕ.

ಹೋದೆ. ಅವನ ಸಂದೇಶ ಮುಟ್ಟಿಸಲಿಕ್ಕಲ್ಲ, ಎಚ್ಚರಿಸಲಿಕ್ಕೆ. ದೇವಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ. ಅರ್ಧ ನೆಯ್ದ ಸೀರೆಯಲ್ಲಿ ಒಂದು ಎಳೆ ಹರಿದಿತ್ತು. ಅವನು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಹೊಸೆದ. ಎಳೆ ಎಲ್ಲಿ ಹರಿದಿತ್ತು ಎಂದು ಹುಡುಕಿದರೂ ನನಗೆ ಸಿಗಲಿಲ್ಲ. ನಾನು ಎಲ್ಲ ಹೇಳಿದೆ.

“ಬೀಳೂದು ಏಳೂದು ಕುಸ್ತಿ ಒಳಗ ಇದ್ದದ್ದರೀ,” ಎಂದ ದೇವಪ್ಪ. “ಆದ್ರ ನಮ್ಮಜ್ಜ ಹೊಳ್ಳಾಡಿದ ಮಣ್ಣಿನ ಮ್ಯಾಲ ಬೂಟ ಹಾಕ್ಕೊಂಡು ಅಡ್ಯಾಡ್ಯಾನ. ಅಂಥಾವನ ಮಾತ ಕೇಳಿ ನಾ ಬೀಳ್ಳೇನು?”

“ಅಂವ ಬೆರಳ ಹಿಡೀತಾನಪಾ. ನಿನ್ನ ಬೆರಳ ನೋಡು, ಇವು ಮುರದ್ರ ಹೊಟ್ಟಿಗೇನ ಮಾಡ್ತಿ?”

ಬಾಗಿಲ ಹತ್ತಿರ ರಾಟಿ ತಿರುಗಿಸುತ್ತ ಕೂತಿದ್ದ ಅವನ ಹೆಂಡತಿ ನೀಲವ್ವ ರಾಟಿ ನಿಲ್ಲಿಸಿದಳು. “ಸರ, ನೀವು ಕಣದೊಳಗ ಇರ್ತೀರಿ, ಹೌದಿಲ್ಲೋ?”

“ಇರ್ತೀನವ್ವ.”

“ನಿಮಗ ಕಾಣತೈತಿ, ಹೌದಿಲ್ಲೋ?”

“ಕಾಣತೈತಿ.”

ಅವಳು ಮತ್ತೆ ರಾಟಿ ತಿರುಗಿಸಿದಳು. “ಹಂಗಿದ್ರ ಹೋಗ್ಲಿ ಬಿಡ್ರಿ. ಬ್ಯಾಡ ಅಂದ್ರ ಈ ಮನಶಾ ನಾಕ ದಿನ ಮಗ್ಗದ ಮ್ಯಾಲ ಸಿಟ್ಟ ತಗೀತಾನ.”

ಸಂತೆಯ ದಿನ ಬಯಲು ತುಂಬಿ, ಜನ ಗುಡ್ಡದ ಬಂಡೆಗಳ ಮೇಲೂ ಕೂತಿದ್ದರು. ಕಣಕ್ಕಿಳಿಯುವ ಮೊದಲು ನಾನು ಇಬ್ಬರನ್ನೂ ನಿಲ್ಲಿಸಿ, ಬೆರಳು ಹಿಡಿಯಬಾರದೆಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದೆ. ಕಲ್ಲಪ್ಪ ಭಕ್ತನಂತೆ ಕೈ ಮುಗಿದ. ಆಮೇಲೆ ಹಲಗಿ ಯಮನಪ್ಪನ ಕಿವಿಯಲ್ಲಿ ಏನೋ ಹೇಳಿ ಬಂದ. ನಾನು ಯಮನಪ್ಪನನ್ನು ಕೇಳಿದೆ.

“ಏನಂದ?”

“ತಾ ಕೈ ಎತ್ತೂತನಾ ಹಲಗಿ ನಿಂದ್ರಸಬ್ಯಾಡ ಅಂದಾನ್ರಿ,” ಎಂದು ಯಮನಪ್ಪ ನೆಲ ನೋಡಿದ. “ಅನ್ನಾ ಹಾಕೂ ಧಣಿ ಅಂವ. ನಾ ಏನ ಮಾಡ್ಲಿ ಹೇಳ್ರಿ?”

ಉತ್ತರ ಕೊಡುವಷ್ಟರಲ್ಲಿ ಜನ ‘ಹಿಡೀರಿ’ ಎಂದು ಕೂಗಿದರು, ಹಲಗಿ ಶುರುವಾಯಿತು.

ದೇವಪ್ಪ ಚಂದ ಕುಸ್ತಿ ಮಾಡಿದ. ಕಲ್ಲಪ್ಪನ ಎರಡು ಪಟ್ಟು ತಪ್ಪಿಸಿ, ಬಗ್ಗಿ, ಅವನ ಹಿಂದೆ ಬಂದು ಸೊಂಟ ಹಿಡಿದ. ಕಲ್ಲಪ್ಪ ಮಂಡಿಯೂರಿ ಕೆಳಗೆ ಬಿದ್ದ. ದೇವಪ್ಪ ಮೇಲೆ, ಅವನ ಎರಡೂ ಕೈ ಕಲ್ಲಪ್ಪನ ಹೊಟ್ಟೆಯ ಕೆಳಗೆ ಕೂಡಿ ಬಿಗಿದಿದ್ದವು. ನೋಡುವವರಿಗೆ ಕುಸ್ತಿ ಮುಗಿದಂತೆಯೇ. ಗುಡ್ಡವೇ ಕೂಗುತ್ತಿದೆ ಎನ್ನಿಸುವಷ್ಟು ಅಬ್ಬರ. ನಾನು ಮಲಗಿ ಮಣ್ಣಿಗೆ ಕೆನ್ನೆ ಹಚ್ಚಿದೆ. ಕಲ್ಲಪ್ಪನ ಬಲಗೈ ತನ್ನ ಹೊಟ್ಟೆಯ ಕೆಳಗೆ ಸರಿದು, ದೇವಪ್ಪನ ಬಲಗೈಯ ಕೊನೆಯ ಎರಡು ಬೆರಳುಗಳನ್ನು ಹಿಡಿದಿತ್ತು. ಹಿಡಿದು ಹಿಂದಕ್ಕೆ ಮಡಚುತ್ತಿತ್ತು. ದೇವಪ್ಪನಿಗೆ ಬಿಡಲಿಕ್ಕೂ ಆಗದು. ಕಲ್ಲಪ್ಪ ತನ್ನ ಭಾರವನ್ನೆಲ್ಲ ಆ ಕೈಗಳ ಮೇಲೆ ಹಾಕಿದ್ದ.

ಕಲ್ಲಪ್ಪನ ಮುಖ ನನ್ನ ಮುಖದ ಎದುರಿಗೇ ಇತ್ತು. ನನ್ನನ್ನು ನೋಡುತ್ತಲೇ ಇದ್ದ. ಬೆವರು ಅವನ ಕಣ್ಣಿಗಿಳಿಯುತ್ತಿತ್ತು, ರೆಪ್ಪೆ ಬಡಿಯಲಿಲ್ಲ.

ಅವನ ಭುಜ ತಟ್ಟಿದೆ, ಬಡಿದೆ. “ಬಿಡೋ! ಬೆರಳ ಬಿಡೋ!” ಎಂದು ಚೀರಿದ್ದು ನನಗೇ ಕೇಳಿಸಲಿಲ್ಲ. ಸೀಟಿ ಊದಿದೆ. ಎದ್ದು ಕೈ ಎತ್ತಿದೆ. ಯಮನಪ್ಪ ನನ್ನ ಕೈ ನೋಡಿದ, ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದ. ಆಗ ನಾನು ಓಡಿಹೋಗಿ ಎರಡೂ ಅಂಗೈಯನ್ನು ಹಲಗಿಯ ಚರ್ಮದ ಮೇಲೆ ಒತ್ತಿದೆ. ಅವನ ಕೋಲಿನ ಒಂದು ಪೆಟ್ಟು ನನ್ನ ಗೆಣ್ಣಿಗೆ ಬಿತ್ತು. ಚರ್ಮ ಅಂಗೈಯಡಿ ಒಮ್ಮೆ ನಡುಗಿ ಸತ್ತಿತು.

ಕಲ್ಲಪ್ಪನ ಕೈ ತೆರೆಯಿತು.

ಅವನು ತೆರೆದದ್ದಲ್ಲ, ಅದೇ ತೆರೆಯಿತು. ಎರಡೂ ಅಂಗೈ ಮಣ್ಣಿಗೆ ಊರಿ, ತಲೆ ಎತ್ತಿ, ವಸ್ತಾದನ ಮಾತಿಗೆ ಕಾಯುವ ಗರಡಿಯ ಹುಡುಗನಂತೆ ಗಳಿಗೆಹೊತ್ತು ಹಾಗೇ ಇದ್ದ. ಅಷ್ಟರಲ್ಲಿ ದೇವಪ್ಪ ಹೊರಳಿ ದೂರ ಸರಿದ. ಆಮೇಲೆ ಕಲ್ಲಪ್ಪ ತನ್ನ ಕೈಗಳನ್ನು ನೋಡಿಕೊಂಡ. ಅವು ತನ್ನವೇ ಅಲ್ಲವೇನೋ ಎಂಬಂತೆ ನೋಡಿಕೊಂಡ.

ಅವನಂಥ ಕಸುಬುದಾರನಿಗೆ ದಾರಿ ಹೊಳೆಯಲು ತಡವಾಗಲಿಲ್ಲ. ಎದ್ದವನೇ ತಗಡಿನ ಭೋಂಗಾ ಬಾಯಿಗಿಟ್ಟ. “ಗಜೇಂದ್ರಗಡದ ಮಂದೀ! ನಿಮ್ಮ ಹುಡುಗ ಗೆಲ್ಲೂದ್ರಾಗ ಇದ್ದ! ಮ್ಯಾಲಿದ್ದಾಂವ ಯಾರು, ನೀವ ನೋಡೀರಿ! ಈ ಬೀಯೆ ಲಂಚಾ ತಿಂದು ಹಲಗಿ ನಿಂದ್ರಿಸ್ಯಾನ!”

ಜೀವಮಾನವೆಲ್ಲ ತನ್ನ ಹೊಟ್ಟೆ ಹೊರೆದ ಜನರ ದ್ವೇಷವನ್ನು ಒಂದೇ ಉಸಿರಿನಲ್ಲಿ ನನ್ನ ಮೇಲೆ ಸುರಿದುಬಿಟ್ಟ. ಜನ ನಂಬಿದರು. ಯಾಕೆ ನಂಬಬಾರದು? ದೇವಪ್ಪ ಮೇಲಿದ್ದದ್ದು ಅವರ ಕಣ್ಣಿಗೇ ಕಂಡಿತ್ತು. ಬೆಳಿಗ್ಗೆಯಿಂದ ಅವನಿಗೆ ಬೈದವರು ಅವನ ಒಂದೇ ಮಾತಿಗೆ ನನ್ನ ಮೇಲೆ ಬಿದ್ದರು.

ಮೊದಲ ಕಲ್ಲು ಹೆಗಲಿಗೆ ಬಿತ್ತು. ಕನಾತಿನ ಗೂಟಕ್ಕೆ ಬೆನ್ನು ಹತ್ತಿತು, ಹಿಂದೆ ಜಾಗವಿಲ್ಲ. ಬಾಯೊಳಗೆ ಮಣ್ಣು. ಯಾರೋ ಕೊರಳಲ್ಲಿದ್ದ ಸೀಟಿಯ ದಾರವನ್ನು ಹಿಂದಿನಿಂದ ಹಿಡಿದು ತಿರುವಿದರು. ಗಟ್ಟಿ ದಾರ, ಹರಿಯಲಿಲ್ಲ. ಅದನ್ನು ಹಿಡಿದವನ ಮುಖ ನಾನು ನೋಡಲಿಲ್ಲ. ಅವನ ಉಸಿರಿನಲ್ಲಿ ಉಳ್ಳಾಗಡ್ಡಿಯ ವಾಸನೆ ಇತ್ತು. ಕಣ್ಣ ಮುಂದೆ ಗುಡ್ಡ ಕಪ್ಪಾಗುತ್ತ ಬಂತು. ಇವತ್ತಿಗೂ ಊಟದ ತಾಟಿನಲ್ಲಿ ಹಸಿ ಉಳ್ಳಾಗಡ್ಡಿ ಕಂಡರೆ ನನ್ನ ಕೈ ಕುತ್ತಿಗೆಗೆ ಹೋಗುತ್ತದೆ. ಮನೆಯವರು ಈಗ ಕೇಳುವುದಿಲ್ಲ, ಸುಮ್ಮನೆ ತಾಟಿನಿಂದ ತೆಗೆದುಬಿಡುತ್ತಾರೆ.

ಆಗ ದೇವಪ್ಪ ಕಣದ ನಡುವೆ ನಿಂತು ಬಲಗೈ ಮೇಲೆತ್ತಿದ. “ಪಂಚಗ ಹೊಡೀಬ್ಯಾಡ್ರಿ! ನನ್ನ ಬೆರಳ ನೋಡ್ರಿ!” ಎಂದು ಕೂಗಿದ. ಮುಂದಿನ ಸಾಲಿನವರು ನೋಡಿದರು. ಕಿರುಬೆರಳು ಮುರಿದ ಟೊಂಗೆಯಂತೆ ಪಕ್ಕಕ್ಕೆ ಜೋತಿತ್ತು. ಅವರು ತೆಪ್ಪಗಾದರು. ಆದರೆ ಹಿಂದಿನವರಿಗೆ, ಬಂಡೆಯ ಮೇಲಿನವರಿಗೆ ಬೆರಳು ಎಲ್ಲಿ ಕಾಣಬೇಕು? ಮಾತು ಎಲ್ಲಿ ಕೇಳಬೇಕು? ಅವರಿಗೆ ಕಂಡದ್ದು ಎತ್ತಿದ ಕೈ. ಕಣದ ನಡುವೆ ಕೈ ಎತ್ತಿ ನಿಂತವನು ಗೆದ್ದವನು. ನಮ್ಮ ಕಡೆ ಅದಕ್ಕೆ ಬೇರೆ ಅರ್ಥವೇ ಇಲ್ಲ.

“ದೇವಪ್ಪ ಗೆದ್ದಾ!” ಎಂದು ಗುಡ್ಡದ ಮೇಲಿಂದ ಕೂಗು ಎದ್ದಿತು. ಅದು ಬಯಲಿಗಿಳಿದು ಕಣದವರೆಗೂ ಬಂತು. ತಲೆಯ ಪಟಗಗಳು ಗಾಳಿಯಲ್ಲಿ ಹಾರಿದವು. ನನ್ನ ಕುತ್ತಿಗೆಯ ದಾರ ಸಡಿಲಾಯಿತು. ದಾರ ತಿರುವುತ್ತಿದ್ದ ಆ ಕೈಗಳು ಚಪ್ಪಾಳೆ ಹೊಡೆಯಲು ಹೋಗಿದ್ದವು.

ನಾನು ಬದುಕಿದ್ದು ಹೀಗೆ. ನ್ಯಾಯದಿಂದಲ್ಲ, ದೂರದಿಂದ ನೋಡಿದವರ ತಪ್ಪಿನಿಂದ.

ದೇವಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಯಾವನೋ ಅದೇ ಬಲಗೈಯ ಮಣಿಕಟ್ಟನ್ನು ಹಿಡಿದು ಎತ್ತಿ ಎತ್ತಿ ಕುಲುಕಿದ. ದೇವಪ್ಪ ಚೀರಿದ. ಸಂತೋಷಕ್ಕೆ ಚೀರುತ್ತಾನೆಂದು ಇನ್ನೂ ಜೋರಾಗಿ ಕುಲುಕಿದರು. ಬಜಾರದ ತುಂಬ ಹಾಗೇ ಮೆರೆಸಿ ಮನೆಯ ಮುಂದೆ ಇಳಿಸಿದಾಗ ನೀಲವ್ವ ಗುಂಪಿನೊಳಗೆ ನುಗ್ಗಿ, ಆ ಕೈಯನ್ನು ಕಸಿದುಕೊಂಡು ತನ್ನ ಎದೆಗೆ ಒತ್ತಿ ಹಿಡಿದಳಂತೆ.

ನಾನು ಮರುದಿನ ಊರ ಹಿರಿಯರಲ್ಲಿಗೆ ಹೋದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕಲ್ಲಪ್ಪನ ಮೇಲೆ ಫಿರ್ಯಾದಿ ಕೊಡೋಣ, ನಾನು ಸಾಕ್ಷಿ ಎಂದೆ.

“ಮಾಸ್ತರ, ನಿಮಗ ತಲಿ ನೆಟ್ಟಗ ಐತೇನು?” ಎಂದರು ಅವರಲ್ಲಿ ದೊಡ್ಡವರು. “ನಮ್ಮ ಹುಡುಗ ಗೆದ್ದಾನ. ಊರೆಲ್ಲಾ ನೋಡೈತಿ. ಈಗ ನೀವು ಬಂದು ಹಲಗಿ ನಿಂತಿತ್ತು, ಬೆರಳ ಮುರದಿತ್ತು ಅಂದ್ರ ಗೆದ್ದದ್ದ ಖೊಟ್ಟಿ ಆಗತೈತಿ. ಊರ ಹೆಸರ ಯಾಕ ಕೆಡಸ್ತೀರಿ?”

ಕಲ್ಲಪ್ಪ? ಅವನಿಗೆ ಏನೂ ಆಗಲಿಲ್ಲ. ಮುಂದಿನ ಹಂಗಾಮಿಗೆ ಗೋಡೆ ಗೋಡೆಗೆ ಕಾಗದ ಅಂಟಿಸಿದ: ಗಜೇಂದ್ರಗಡದಲ್ಲಿ ಸೋತ ಗೂಳಿ ಸೇಡು ತೀರಿಸಿಕೊಳ್ಳಲು ಬರುತ್ತಿದೆ! ಜನ ಮುರಕೊಂಡು ಬಿದ್ದರು. ತಾನು ಮುರಿದ ಬೆರಳನ್ನೂ ತಿಕೀಟಾಗಿ ಮಾರಿದ. ಆ ಹೊತ್ತಿಗೆ ನಾನು ಅವನನ್ನು ಬಿಟ್ಟು ಸಾಲೆಯ ನೌಕರಿ ಸೇರಿದ್ದೆ. ವರ್ಷಗಳು ಕಳೆದಂತೆ ಅವನ ತಲೆಯ ಮೇಲೆ ರೇಶಿಮೆ ಪಟಗ ಬಂತು, ಸಭೆಗಳಲ್ಲಿ ಮುಂದಿನ ಕುರ್ಚಿ ಬಂತು, ಕೊನೆಗೆ ಗೋಡೆಯ ಮೇಲೆ ಪಟವೂ ಬಂತು.

ಒಮ್ಮೆ, ಮುಪ್ಪಿನಲ್ಲಿ, ಒಂದು ಕುಸ್ತಿಯ ಪೆಂಡಾಲಿನಲ್ಲಿ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಕಣದಲ್ಲಿ ಹಲಗಿ ಬಾರಿಸುತ್ತಿದ್ದರು. ಅವನು ನನ್ನ ಕಡೆ ಬಾಗಿದ.

“ಬೀಯೆ, ಆವತ್ತ ಹಲಗಿ ನಿಂತಾಗ ನನ್ನ ಕೈ ಯಾಕ ಬಿಟ್ಟಿತೋ, ನನಗ ಇನ್ನೂ ತಿಳದಿಲ್ಲ ನೋಡು.”

ಪಶ್ಚಾತ್ತಾಪವೆಂದುಕೊಂಡೆ. ಅವನ ಮುಖ ನೋಡಿದೆ. ಅಲ್ಲ. ಅವನಿಗಿದ್ದ ಸಂಕಟ ಮುರಿದದ್ದಕ್ಕಲ್ಲ, ಬಿಟ್ಟದ್ದಕ್ಕೆ. ಇನ್ನೊಂದು ಬೆರಳು ಉಳಿದುಹೋಯಿತಲ್ಲ ಎಂಬುದಕ್ಕೆ. ನಾನು ಎದ್ದು ಬೇರೆ ಕುರ್ಚಿಗೆ ಹೋದೆ. ಸಂಘಟಕರಿಗೆ ಅದು ಅಮರ್ಯಾದೆ ಎನ್ನಿಸಿತಂತೆ. ಎನ್ನಿಸಲಿ.

ಹುಡುಗರೇ, ನರೇಗಲ್ಲಿನಲ್ಲಿ ನೀವು ಕೇಳಿದ್ದಕ್ಕೆ ಇದು ನನ್ನ ಉತ್ತರ. ನಮ್ಮ ಕಾಲದಲ್ಲೂ ಕಲ್ಲಪ್ಪಂದಿರಿದ್ದರು. ಅವರಿಗೆ ಹಾರ ಹಾಕುವ ಹಿರಿಯರೂ ಇದ್ದರು. ನಿಮ್ಮ ಕಾಲದಲ್ಲೂ ಇರುತ್ತಾರೆ. ಕಣಕ್ಕಿಳಿಯುವ ಮೊದಲು, ಕುಸ್ತಿ ನಿಲ್ಲಿಸುವ ಹಲಗಿ ಯಾರ ಮಾತು ಕೇಳುತ್ತದೆ ಎಂದು ವಿಚಾರಿಸಿಕೊಳ್ಳಿ. ಈಗ ಅದು ಹಲಗಿಯಲ್ಲ, ಗಂಟೆಯೋ ಯಂತ್ರವೋ ಇರಬಹುದು. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ ಒಳಗೆ ಕಾಲಿಡಬೇಡಿ.

ದೇವಪ್ಪ ಆಮೇಲೆ ಕುಸ್ತಿ ಆಡಲಿಲ್ಲ. ಎಲುಬು ಕಟ್ಟುವವರು ಒಂದು ಬೆರಳನ್ನು ಉಳಿಸಿದರು. ಕಿರುಬೆರಳು ಮತ್ತೆ ಮಡಚಲಿಲ್ಲ. ಹರಿದ ಎಳೆಯನ್ನು ಎಡಗೈಯಲ್ಲಿ ಹೊಸೆಯಲು ಕಲಿತ, ಮಗ್ಗ ನಿಲ್ಲಲಿಲ್ಲ. ನಿವೃತ್ತನಾದ ಮೇಲೆ ಒಮ್ಮೆ ಅವನ ಮನೆಗೆ ಹೋಗಿದ್ದೆ. ಓಣಿಯವರೆಲ್ಲ ಬಂದು ಸೇರಿದರು. “ಕಾಕಾ, ಗೂಳಿಗೆ ಕೆಡವಿದ ಕೈ ಎತ್ತಿ ತೋರಸ್ರಿ ಸರಗ!” ಎಂದರು. ದೇವಪ್ಪ ನಾಚಿಕೊಂಡು ಕೈ ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿರುಬೆರಳು ಸೆಟೆದು ಪಕ್ಕಕ್ಕೆ ನಿಂತಿತ್ತು.

ನೀಲವ್ವ ಚಹ ತಂದು ನನ್ನ ಮುಂದೆ ಇಟ್ಟಳು. ತಲೆ ನರೆತಿತ್ತು. ಎಲ್ಲರೂ ಹೋದ ಮೇಲೆ, ಗಂಡನ ಕೈಯನ್ನು ಕೆಳಗಿಳಿಸಿ, ಅದನ್ನು ತನ್ನ ಸೆರಗಿನಿಂದ ಸುಮ್ಮನೆ ಒರೆಸುತ್ತ ಹೇಳಿದಳು:

“ಊರಾಗ ಎಲ್ಲಾರಿಗೂ ಕೈ ಕಾಣತೈತ್ರಿ ಸರ. ಬೆರಳ ಕಂಡದ್ದು ನಿಮಗ, ನನಗ ಅಷ್ಟ.”